ಬಾನುಲಿಯಿಂದ ಪುಟಕ್ಕೆ: ಸಂಪಗಾಂವ ಸೀಮೆ ಕೇಳಿದ ವಿಜ್ಞಾನ

1975ರ ಆಗಸ್ಟ್ 1ರಂದು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಉಪಗ್ರಹ ಪ್ರಯೋಗವೊಂದರ ಮೂಲಕ ಟಿವಿ ಬಂತು. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ಬದಾಮಿ ತಾಲ್ಲೂಕು ಅಂದು ವಿಜಾಪುರ ಜಿಲ್ಲೆಯದು, ಪಕ್ಕದ ರಾಮದುರ್ಗ ಬೆಳಗಾವಿಯದು. ಯೋಜನೆ ಹಾಕಿದವರು ಜಿಲ್ಲೆಯನ್ನೇ ಲೆಕ್ಕಕ್ಕೆ ಹಿಡಿದಿದ್ದರಿಂದ ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಹೊರಗುಳಿದವು. ಇವುಗಳಲ್ಲಿ ಬೈಲಹೊಂಗಲ, ಕಿತ್ತೂರುಗಳ ಸೀಮೆಯನ್ನು ಹಳೆಯ ದಾಖಲೆಗಳು ಸಂಪಗಾಂವ ತಾಲ್ಲೂಕು ಎಂದು ಕರೆಯುತ್ತವೆ. ಈ ಸೀಮೆಗೆ ವಿಜ್ಞಾನದ ಮಾತು ತಲುಪಿದ್ದು ಬೇರೆ ದಾರಿಯಿಂದ, ಧಾರವಾಡದ ರೇಡಿಯೊದಿಂದ.

ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಕಿತ್ತೂರು ಅಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ನಡುವೆ ಮಧ್ಯಮ ತರಂಗವನ್ನು ತಡೆಯುವಂಥ ದೊಡ್ಡ ಬೆಟ್ಟಗಳಿಲ್ಲ. ದ. ರಾ. ಬೇಂದ್ರೆಯವರಂಥ ಕವಿ ಸಲಹೆಗಾರರಾಗಿ ದುಡಿದ ಆ ಕೇಂದ್ರದಿಂದ ಸಂಗೀತ, ನಾಟಕಗಳ ಜೊತೆಗೆ ಬೇಸಾಯ, ಆರೋಗ್ಯದ ಭಾಷಣಗಳೂ ಬರುತ್ತಿದ್ದವು. ರೇಡಿಯೊ ಇದ್ದ ಮನೆಯಲ್ಲಿ ಅದಕ್ಕೆ ಸಂಬಂಧಿಸಿದ ಪುಸ್ತಕವೆಂದರೆ ಹೆಚ್ಚಾಗಿ ಒಂದೇ: ವರ್ಷವರ್ಷ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಸ್ಟ್ಯಾಂಪ್ ಹಚ್ಚಿಸಿಕೊಳ್ಳಬೇಕಾಗಿದ್ದ ಲೈಸೆನ್ಸ್ ಪುಸ್ತಕ!

ರೇಡಿಯೊಗೂ ಪುಸ್ತಕಕ್ಕೂ ಇರುವ ನಂಟಿನಲ್ಲೊಂದು ವಿಚಿತ್ರವಿದೆ. ರೇಡಿಯೊ ಭಾಷಣ ಹುಟ್ಟುವುದೇ ಕಾಗದದ ಮೇಲೆ. ಭಾಷಣಕಾರ ಮೊದಲೇ ಬರೆದು, ನಿಮಿಷ ಲೆಕ್ಕ ಹಾಕಿ, ಪ್ರತಿಯನ್ನು ಕೇಂದ್ರಕ್ಕೆ ಒಪ್ಪಿಸಿ, ಆಮೇಲೆ ಓದಬೇಕು. ಬಿತ್ತರವಾದ ಮೇಲೆ ಟೇಪನ್ನು ಅಳಿಸಿ ಮತ್ತೆ ಬಳಸುವುದು ರೂಢಿಯಾಗಿತ್ತು. ಹಾಗಾಗಿ ಬರಹವೂ ದನಿಯೂ ಎರಡೂ ಇದ್ದ ಕಾರ್ಯಕ್ರಮದಲ್ಲಿ ಕೊನೆಗೆ ಉಳಿಯುತ್ತಿದ್ದದ್ದು, ಉಳಿದರೆ, ಭಾಷಣಕಾರನ ಮನೆಯ ಕಾರ್ಬನ್ ಪ್ರತಿ.

ಅದು ಪುಸ್ತಕವಾಗಲು ಬೇರೊಬ್ಬರು ಮನಸ್ಸು ಮಾಡಬೇಕಿತ್ತು. ವೇದಿಕೆಯ ಉಪನ್ಯಾಸಗಳಿಗೆ ಆ ತೊಡಕಿರಲಿಲ್ಲ: ಅದೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಊರೂರಲ್ಲಿ ಏರ್ಪಡಿಸಿದ ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ತಂದಿತು, ಏಕೆಂದರೆ ಉಪನ್ಯಾಸ ಮಾಡಿಸುವವರೂ ಅಚ್ಚು ಹಾಕಿಸುವವರೂ ಒಬ್ಬರೇ ಆಗಿದ್ದರು. ದೆಹಲಿಯಲ್ಲೂ ಹಾಗೆಯೇ. 1955ರಲ್ಲಿ ಆಕಾಶವಾಣಿ ಆರಂಭಿಸಿದ ಸರ್ದಾರ್ ಪಟೇಲ್ ಸ್ಮಾರಕ ಉಪನ್ಯಾಸ ಮಾಲೆಯಲ್ಲಿ ಭೌತವಿಜ್ಞಾನಿ ಕೆ. ಎಸ್. ಕೃಷ್ಣನ್, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಆಡಿದ ಮಾತುಗಳನ್ನು ಆಕಾಶವಾಣಿಯನ್ನು ನಡೆಸುತ್ತಿದ್ದ ಸಚಿವಾಲಯದ್ದೇ ಆದ ಪ್ರಕಟಣಾ ವಿಭಾಗ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿತು. ಪ್ರಾದೇಶಿಕ ಕೇಂದ್ರಗಳ ದಿನನಿತ್ಯದ ಭಾಷಣಗಳಿಗೆ ಅಂಥ ಏರ್ಪಾಡಿರಲಿಲ್ಲ.

ಟಿವಿಯ ಕಡೆ ನೋಡಿದರೆ, 1975ರ ಆ ಪ್ರಯೋಗ, ಅಂದರೆ ಸೈಟ್ (ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್), ಮುದ್ರಣವನ್ನು ಮರೆತಿರಲಿಲ್ಲ. ಅಮೆರಿಕದ ನಾಸಾ ಒಂದು ವರ್ಷಕ್ಕೆ ಕೊಟ್ಟ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಇಳಿಯುತ್ತಿತ್ತು. ಕೋಳಿಗೂಡಿನ ತಂತಿಜಾಲರಿ ಬಿಗಿದ ಹತ್ತಡಿ ಅಗಲದ ಆಂಟೆನಾ; ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದು ಸೆಟ್. ಬೆಳಿಗ್ಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷ ಶಾಲಾ ಮಕ್ಕಳಿಗೆ ಮೀಸಲು. ಯಶ್ ಪಾಲ್ ಮುಖ್ಯಸ್ಥರಾಗಿದ್ದ ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರ ಮಕ್ಕಳ ವಿಜ್ಞಾನದ ಕಂತುಗಳನ್ನು ತಯಾರಿಸಿತು. ಶಿಕ್ಷಕರ ತರಬೇತಿಗಂತೂ ಟಿವಿ, ರೇಡಿಯೊ, ಅಚ್ಚಾದ ಪಾಠ ಮೂರನ್ನೂ ಜೋಡಿಸಿದ್ದರು. 1976ರ ಜುಲೈ 31ಕ್ಕೆ ಉಪಗ್ರಹದ ಗಡುವು ಮುಗಿಯಿತು. ಮರುವರ್ಷ ಕಲಬುರ್ಗಿಗೆ ದೂರದರ್ಶನ ಬಂತು, ಬೆಂಗಳೂರಿಗೆ 1981ರ ನವೆಂಬರ್ 1ರಂದು.

ದೇಶದ ಮಟ್ಟದಲ್ಲಿ ಬಿತ್ತರವನ್ನೂ ಓದನ್ನೂ ಜೋಡಿಸುವ ಕೆಲಸ ಗಟ್ಟಿಯಾದದ್ದು ಆಮೇಲೆ. ಚಂದಿತಾ ಮುಖರ್ಜಿ ನಿರ್ದೇಶಿಸಿದ ‘ಭಾರತ್ ಕೀ ಛಾಪ್’ 1989ರಲ್ಲಿ ದೂರದರ್ಶನದ 13 ಕಂತುಗಳಲ್ಲಿ ಭಾರತದ ವಿಜ್ಞಾನ, ತಂತ್ರಜ್ಞಾನದ ಚರಿತ್ರೆ ಹೇಳಿತು. ಅದಕ್ಕೆ ಜೊತೆಪುಸ್ತಕವೂ ಬಂತು. 1991ರಲ್ಲಿ ಆಕಾಶವಾಣಿ ಮನುಷ್ಯನ ವಿಕಾಸದ ಕಥೆಯನ್ನು 144 ಕಂತುಗಳಲ್ಲಿ, 18 ಭಾಷೆಗಳಲ್ಲಿ ಹೇಳತೊಡಗಿತು. ಸುಮಾರು ಒಂದು ಲಕ್ಷ ಮಕ್ಕಳು, ಹತ್ತು ಸಾವಿರ ಶಾಲೆಗಳು ಕೇಳುಗರೆಂದು ಹೆಸರು ನೋಂದಾಯಿಸಿದವು. ಕೇಳಿದ್ದನ್ನು ಕಣ್ಣಾರೆ ನೋಡಲೂ ಆಗುವಂತೆ ಅವರಿಗೆ ಚಿತ್ರಪಟ, ಕಿಟ್‌ಗಳನ್ನು ಕಳಿಸಲಾಯಿತು.

ಹೊರದೇಶದಲ್ಲಿ ದಾರಿ ಇನ್ನೂ ನೇರ. ಕಾರ್ಲ್ ಸೇಗನ್ ಅವರ ‘ಕಾಸ್ಮೋಸ್’ 1980ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿಯಲ್ಲೂ ಪುಸ್ತಕದಂಗಡಿಯಲ್ಲೂ ಒಂದೇ ವರ್ಷ ಕಾಣಿಸಿತು. ಹ್ಯೂಸ್ಟನ್ನಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಜಾನ್ ಲೀನ್‌ಹಾರ್ಡ್ 1988ರಲ್ಲಿ ತಂತ್ರಜ್ಞಾನದ ಇತಿಹಾಸ ಕುರಿತು ಕೆಲವೇ ನಿಮಿಷಗಳ ರೇಡಿಯೊ ಕಂತುಗಳನ್ನು ಆರಂಭಿಸಿದರು. 2000ದಲ್ಲಿ ಆ ಕಂತುಗಳ ಹೆಸರನ್ನೇ ಹೊತ್ತ ಪುಸ್ತಕ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂತು.

ಕನ್ನಡದ ಚಂದನ ವಾಹಿನಿ ಈ ನಂಟನ್ನು ತಿರುವುಮುರುವು ಮಾಡಿತು. ವೈದ್ಯರೂ ವಿಜ್ಞಾನ ಲೇಖಕರೂ ಆದ ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಬಹುಮಾನ ಹಣವಲ್ಲ, ಕನ್ನಡ ಪುಸ್ತಕ.

ಮತ್ತೆ ಸಂಪಗಾಂವ ಸೀಮೆಯ ಕಡೆ ಬಂದರೆ, ಧಾರವಾಡ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನದೇ ಸಮುದಾಯ ರೇಡಿಯೊ ತೆರೆಯಿತು. ಇಂಥ ಕೇಂದ್ರಗಳ ಪ್ರಸಾರ ಹತ್ತು ಹದಿನೈದು ಕಿಲೋಮೀಟರಿಗೆ ಮುಗಿಯುವುದರಿಂದ ಕಿತ್ತೂರು, ಬೈಲಹೊಂಗಲಗಳು ಮತ್ತೆ ಹೊರಗೇ. ಈ ಸೀಮೆ ಕೇಳಿದ ವಿಜ್ಞಾನದ ಚರಿತ್ರೆ ಬರೆಯಹೊರಟವರು ಧಾರವಾಡ ಆಕಾಶವಾಣಿಯ ಧ್ವನಿಭಂಡಾರವೊಂದನ್ನೇ ನೆಚ್ಚಿ ಕೂರುವಂತಿಲ್ಲ. ರೇಡಿಯೊದಲ್ಲಿ ಮಾತಾಡಿದ ಅಧ್ಯಾಪಕರು, ವೈದ್ಯರು, ಕೃಷಿ ಅಧಿಕಾರಿಗಳ ಮನೆಯ ಕಾಗದಪತ್ರ, 1991ರಲ್ಲಿ ಹೆಸರು ನೋಂದಾಯಿಸಿದ ಶಾಲೆಗಳ ಕಪಾಟು, ಇವುಗಳಿಂದಲೇ ಹುಡುಕಾಟ ಆರಂಭಿಸಬೇಕು.