ನೀವು ಟಿವಿ ಆಫ್ ಮಾಡಿದರೆ ಧಾರಾವಾಹಿಯ ಟಿಆರ್‌ಪಿ ಇಳಿಯುತ್ತದೆಯೇ?

"ಈ ಧಾರಾವಾಹಿ ನೋಡಬೇಡಿ, ಟಿಆರ್‌ಪಿ ಇಳಿಸಿ" ಎಂಬ ಸಂದೇಶ ನಿಮಗೂ ಬಂದಿರಬಹುದು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಎಲ್ಲರೂ ಟಿವಿ ಆಫ್ ಮಾಡಿದರೂ, ಅಲ್ಲಿ ಮೀಟರ್ ಇಟ್ಟ ಮನೆ ಇಲ್ಲದಿದ್ದರೆ ಟಿಆರ್‌ಪಿ ಕದಲುವುದಿಲ್ಲ.

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವಂತೆ, ಬಾರ್ಕ್ ಸಂಸ್ಥೆ ದೇಶದ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಎಲ್ಲರ ವೀಕ್ಷಣೆ ಅಂದಾಜಿಸುತ್ತದೆ. ಆ ಮನೆಗಳು ಯಾವುವೆಂಬುದು ಗುಟ್ಟು. ಶನಿವಾರದಿಂದ ಶುಕ್ರವಾರದವರೆಗಿನ ಲೆಕ್ಕ ಮುಂದಿನ ಗುರುವಾರ ಹೊರಬರುತ್ತದೆ. ಜಾಹೀರಾತು ದರ, ಧಾರಾವಾಹಿಯ ಸಮಯ, ಕಥೆಯ ತಿರುವು, ಮಹಾಸಂಚಿಕೆ ಎಲ್ಲಕ್ಕೂ ಈ ವಾರದ ಅಂಕಿಯೇ ಆಧಾರ.

ಕಾರ್ಯಕ್ರಮದ ಬಗ್ಗೆ ಆಕ್ಷೇಪವಿದ್ದರೆ ಫಾರ್ವರ್ಡ್ ಮಾಡುವ ಬದಲು ವಾಹಿನಿಗೇ ಲಿಖಿತ ದೂರು ಕೊಡಿ. 2021ರ ಕೇಬಲ್ ಟಿವಿ ನಿಯಮದಂತೆ 15 ದಿನಗಳೊಳಗೆ ಅವರು ಉತ್ತರಿಸಬೇಕು.