ಸ್ವಯಂಸೇವಕ ಉಪದೇಶಿಗಳ ಶಿಕ್ಷಣ: ಮಿಲಾನಿನ ಜ್ಞಾನೋಪದೇಶ ಶಾಲೆಗಳನ್ನು ಕುರಿತ ಒಂದು ವಿಚಾರ

ಧರ್ಮಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಆಚಾರ್ಯರನ್ನೂ ಮಹಾಸಭೆಗಳನ್ನೂ ಆಜ್ಞಾಪತ್ರಗಳನ್ನೂ ಕುರಿತು ಬರೆಯುತ್ತಾರೆ. ಅದು ಸಹಜವೇ, ಆಧಾರಗಳು ಹೆಚ್ಚಾಗಿ ಉಳಿದು ಬಂದಿರುವುದು ಅವುಗಳಿಗೆ ಸಂಬಂಧಿಸಿಯೇ. ಆದರೆ ಒಂದು ಮತದ ತತ್ತ್ವಗಳು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುವುದು ಮಹಾಸಭೆಗಳ ಮಂದಿರದಲ್ಲಿ ಅಲ್ಲ. ತಾಯಿಯ ಮಗ್ಗುಲಲ್ಲಿ, ಹಬ್ಬದ ದಿನದ ಪಾಠದಲ್ಲಿ, ಹೆಸರು ಉಳಿಯದ ಸಾಮಾನ್ಯರ ಬಾಯಲ್ಲಿ ಆ ಕಾರ್ಯ ನಡೆಯುತ್ತದೆ. ಕಥೋಲಿಕ ಧರ್ಮಸಭೆಯಲ್ಲಿ ಈ ಕಾರ್ಯವನ್ನು ವಹಿಸಿಕೊಂಡ ಗೃಹಸ್ಥರಿಗೆ ನಮ್ಮ ಕಡೆಯಲ್ಲಿ ಉಪದೇಶಿಗಳೆಂಬ ಹೆಸರುಂಟು. ಇವರನ್ನು ಸಿದ್ಧಪಡಿಸುವ ವ್ಯವಸ್ಥೆ ಹೇಗೆ ಹುಟ್ಟಿತು, ಅದರೊಳಗಿನ ತೊಡಕು ಯಾವುದು ಎಂಬುದನ್ನು ಹದಿನಾರನೆಯ ಶತಮಾನದ ಮಿಲಾನ್ ನಗರದ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

೧೫೩೫ರಲ್ಲಿ ಮಿಲಾನಿನ ಸ್ಫೋರ್ಜಾ ವಂಶದ ಕೊನೆಯ ಡ್ಯೂಕನು ಸಂತಾನವಿಲ್ಲದೆ ತೀರಿಕೊಂಡನು. ರಾಜ್ಯವು ಚಕ್ರವರ್ತಿ ಐದನೆಯ ಚಾರ್ಲ್ಸನ ವಶವಾಯಿತು. ಅದಕ್ಕೆ ಹಿಂದಿನ ಹಲವು ದಶಕಗಳ ಕಾಲ ಫ್ರಾನ್ಸಿನ ಸೈನ್ಯವೂ ಚಕ್ರವರ್ತಿಯ ಸೈನ್ಯವೂ ಆ ನಾಡನ್ನು ತುಳಿದಿದ್ದವು. ಯುದ್ಧದ ಹಿಂದೆಯೇ ಬರುವ ಕ್ಷಾಮವೂ ರೋಗವೂ ಬಂದಿದ್ದವು. ಇಂತಹ ನಗರದಲ್ಲಿ, ೧೫೩೬ರಲ್ಲಿ, ಕಾಸ್ತೆಲ್ಲಿನೊ ದ ಕಾಸ್ತೆಲ್ಲೊ ಎಂಬ ಪಾದ್ರಿಯು ಕೆಲವು ಗೃಹಸ್ಥರನ್ನು ಜೊತೆಗೂಡಿಸಿಕೊಂಡು, ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಬೀದಿಯ ಮಕ್ಕಳನ್ನು ಕೂಡಿಸಿ ಪಾಠ ಹೇಳತೊಡಗಿದನು. ಇತರ ದಿನಗಳಲ್ಲಿ ಆ ಮಕ್ಕಳು ದುಡಿಯಬೇಕಾಗಿತ್ತು, ಕಲಿಸುವವರೂ ದುಡಿಯಬೇಕಾಗಿತ್ತು. ಆದುದರಿಂದ ರಜೆಯ ದಿನವೇ ಶಾಲೆಯ ದಿನವಾಯಿತು. ಈ ಒಂದು ಸಂಗತಿಯಿಂದಲೇ ಆ ಶಾಲೆಗಳ ಸ್ವರೂಪವೆಲ್ಲ ನಿರ್ಧಾರವಾಯಿತೆಂದರೆ ತಪ್ಪಾಗಲಾರದು. ಉಪಾಧ್ಯಾಯರಿಗೆ ವೇತನವಿರಲಿಲ್ಲ, ಮಕ್ಕಳಿಂದ ಶುಲ್ಕವನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಸಂಘದ ಮೊದಲ ಹೆಸರಿನಲ್ಲಿ ‘ಸುಧಾರಣೆ’ ಎಂಬ ಶಬ್ದವಿತ್ತು. ಲೂಥರನ ಚಳವಳಿಯ ಆ ಕಾಲದಲ್ಲಿ ಈ ಶಬ್ದವು ಸಂಶಯಕ್ಕೆ ಕಾರಣವಾಗುತ್ತಿತ್ತು. ಹತ್ತು ವರ್ಷಗಳ ತರುವಾಯ ಸದಸ್ಯರು ಅದನ್ನು ಕೈಬಿಟ್ಟು, ತಮ್ಮನ್ನು ‘ಪ್ರೀತಿಯಿಂದ ಮಕ್ಕಳ ಸೇವೆ ಮಾಡುವವರು’ ಎಂಬರ್ಥದ ಹೆಸರಿನಿಂದ ಕರೆದುಕೊಂಡರು. ಈ ಹೆಸರಿನ ಬದಲಾವಣೆ ಸಣ್ಣ ವಿಷಯವಲ್ಲ. ಪಾದ್ರಿಯಲ್ಲದವನು ಧರ್ಮವನ್ನು ಬೋಧಿಸಬಹುದೇ? ಬೋಧಿಸಿದರೆ ಅವನು ತಪ್ಪು ಹೇಳನೆಂಬುದಕ್ಕೆ ಭರವಸೆ ಏನು? ಈ ಪ್ರಶ್ನೆ ಪ್ರಾರಂಭದಿಂದಲೇ ಸಂಘವನ್ನು ಹಿಂಬಾಲಿಸಿತು. ಅಲ್ಲಿ ಬೆಳೆದು ಬಂದ ಶಿಕ್ಷಣಕ್ರಮವನ್ನು ಈ ಪ್ರಶ್ನೆಗೆ ದೊರೆತ ಉತ್ತರವೆಂದೇ ತಿಳಿಯಬೇಕು.

ಉತ್ತರದ ಮೊದಲನೆಯ ಅಂಗ ಪುಸ್ತಕ. ಸಂಘವು ಪ್ರಶ್ನೋತ್ತರ ರೂಪದ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಮಾಡಿಸಿತು. ಅಕ್ಷರಮಾಲೆಯನ್ನೂ ನಿತ್ಯದ ಪ್ರಾರ್ಥನೆಗಳನ್ನೂ ಒಳಗೊಂಡ ಮತ್ತೊಂದು ಕಿರುಪುಸ್ತಕವೂ ಬಳಕೆಯಲ್ಲಿತ್ತು. ಮಗುವು ಪ್ರಾರ್ಥನೆಯ ಮೂಲಕ ಅಕ್ಷರವನ್ನೂ ಅಕ್ಷರದ ಮೂಲಕ ಪ್ರಾರ್ಥನೆಯನ್ನೂ ಕಲಿಯಿತು. ಪ್ರಶ್ನೆಯೂ ಉತ್ತರವೂ ಅಚ್ಚಿನಲ್ಲಿ ನಿಂತಿದ್ದುದರಿಂದ, ಶಾಸ್ತ್ರ ತಿಳಿಯದ ಕುಶಲಕರ್ಮಿಯೂ ಪಾಠ ಹೇಳಬಹುದಾಗಿತ್ತು. ಒಂದರ್ಥದಲ್ಲಿ ಪುಸ್ತಕವೇ ಗುರು; ಉಪಾಧ್ಯಾಯನು ಅದರ ಧ್ವನಿ. ಇಬ್ಬರು ಮಕ್ಕಳು ಎತ್ತರದ ಪೀಠದ ಮೇಲೆ ನಿಂತು ಒಬ್ಬರನ್ನೊಬ್ಬರು ಪ್ರಶ್ನಿಸಿ ಕಂಠಪಾಠದಿಂದ ಉತ್ತರ ಹೇಳುವ ಪದ್ಧತಿಯೂ ಇತ್ತು. ನೆರೆದವರೆಲ್ಲ ಅದನ್ನು ಕೇಳಿ ಕಲಿಯುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಮಗ್ಗಿಯನ್ನೂ ಕಾಗುಣಿತವನ್ನೂ ಹೇಳಿಕೊಡುತ್ತಿದ್ದ ನಮ್ಮ ಕೂಲಿಮಠಗಳನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವೆನಿಸುವುದಿಲ್ಲ.

ಎರಡನೆಯ ಅಂಗ ಕಾರ್ಯವಿಭಾಗ. ೧೫೬೫ರಲ್ಲಿ ಮಿಲಾನಿನಲ್ಲಿ ನೆಲೆಸಿ, ೧೫೮೪ರಲ್ಲಿ ಮರಣಹೊಂದುವ ತನಕ ಅಲ್ಲಿನ ಮಹಾಧರ್ಮಾಧ್ಯಕ್ಷನಾಗಿದ್ದ ಚಾರ್ಲ್ಸ್ ಬೊರ್ರೊಮಿಯೊ ಈ ಶಾಲೆಗಳಿಗೆ ವಿಸ್ತಾರವಾದ ನಿಯಮಾವಳಿಯನ್ನು ಒದಗಿಸಿದನು. ಅದರಲ್ಲಿ ಮುಖ್ಯಸ್ಥ, ಉಪಮುಖ್ಯಸ್ಥ ಹಾಗೂ ಲೇಖಕ ಇವರಲ್ಲದೆ, ಸದಸ್ಯರ ನಡತೆಯನ್ನು ನೋಡಿ ಎಚ್ಚರಿಸುವವನು, ಬಾಗಿಲನ್ನು ಕಾಯುವವನು, ಗದ್ದಲವಾಗದಂತೆ ನೋಡುವವನು, ಜಗಳಗಳನ್ನು ತೀರಿಸುವವನು, ರೋಗಿಗಳನ್ನು ವಿಚಾರಿಸುವವನು ಎಂದು ಬೇರೆ ಬೇರೆ ಹೊಣೆಗಳು ಉಂಟು. ಬೀದಿಬೀದಿಗೆ ಹೋಗಿ ಆಡುತ್ತಿರುವ ಮಕ್ಕಳನ್ನು ಶಾಲೆಗೆ ಕರೆತರುವವರಿಗೆ ‘ಬೆಸ್ತರು’ ಎಂದು ಹೆಸರು. ಯೇಸುವು ಮೀನುಗಾರರಾದ ತನ್ನ ಶಿಷ್ಯರಿಗೆ ಹೇಳಿದ ಮಾತಿನ ನೆನಪು ಇದರಲ್ಲಿದೆ. ಹುಡುಗರಿಗೂ ಹುಡುಗಿಯರಿಗೂ ಶಾಲೆಗಳು ಬೇರೆ. ಹುಡುಗಿಯರಿಗೆ ಹೆಂಗಸರೇ ಕಲಿಸುತ್ತಿದ್ದರು. ಆಂಜೆಲಾ ಮೆರಿಚಿಯು ೧೫೩೫ರಲ್ಲಿ ಬ್ರೆಷಿಯಾದಲ್ಲಿ ಸ್ಥಾಪಿಸಿದ ಉರ್ಸುಲಾ ಸಂಘದ ಸ್ತ್ರೀಯರು ಮಿಲಾನಿನಲ್ಲಿ ಈ ಕೆಲಸಕ್ಕೆ ನೆರವಾದರು.

ಈ ಹೊಣೆಗಳ ಪಟ್ಟಿಯನ್ನು ಬರಿಯ ಕಟ್ಟುಪಾಡೆಂದು ಭಾವಿಸಬಾರದು. ಓದು ಬಾರದವನು ಬಾಗಿಲು ಕಾಯಬಹುದು. ಮಾತಿನಲ್ಲಿ ಚತುರನಾದವನು ಬೆಸ್ತನಾಗಬಹುದು. ಕೇಳುತ್ತ ಕೇಳುತ್ತ ಪಾಠ ಬಂದವನು ಮುಂದೆ ಒಂದು ಗುಂಪಿಗೆ ಉಪಾಧ್ಯಾಯನಾಗಬಹುದು. ಉಪಾಧ್ಯಾಯರ ತರಬೇತಿಗೆ ಪ್ರತ್ಯೇಕ ವಿದ್ಯಾಲಯವಿಲ್ಲದ ಕಾಲದಲ್ಲಿ ಶಾಲೆಯೇ ತರಬೇತಿಯ ಕ್ಷೇತ್ರವೂ ಆಗಿತ್ತು.

ಬೊರ್ರೊಮಿಯೊ ತೀರಿಕೊಂಡಾಗ ಅವನ ಧರ್ಮಪ್ರಾಂತದಲ್ಲಿ ೭೪೦ ಶಾಲೆಗಳೂ ೩,೦೪೦ ಉಪಾಧ್ಯಾಯರೂ ೪೦,೦೯೮ ವಿದ್ಯಾರ್ಥಿಗಳೂ ಇದ್ದರೆಂಬ ಲೆಕ್ಕವನ್ನು ಚರಿತ್ರಕಾರರು ಉದ್ಧರಿಸುತ್ತ ಬಂದಿದ್ದಾರೆ. ಈ ಸಂಖ್ಯೆಗಳನ್ನು ಭಾಗಿಸಿ ನೋಡಿದರೆ ಒಂದು ಶಾಲೆಗೆ ಸುಮಾರು ೫೪ ವಿದ್ಯಾರ್ಥಿಗಳು, ನಾಲ್ವರು ಉಪಾಧ್ಯಾಯರು. ಒಬ್ಬ ಉಪಾಧ್ಯಾಯನ ಪಾಲಿಗೆ ಸುಮಾರು ೧೩ ಮಂದಿ. ಆಡಳಿತದವರು ಕೊಡುವ ಲೆಕ್ಕಗಳಲ್ಲಿ ಉತ್ಸಾಹದ ಅಂಶವೂ ಸೇರಿರುವುದುಂಟು. ಹೆಸರು ಬರೆಸಿದವರೆಲ್ಲರೂ ಪ್ರತಿವಾರವೂ ಬರುತ್ತಿದ್ದರೆಂದು ಹೇಳುವಂತಿಲ್ಲ. ಆದರೂ ಪ್ರಮಾಣವು ಗಮನಾರ್ಹ. ಒಬ್ಬ ಪ್ರಭಾವಶಾಲಿ ಬೋಧಕನ ಮುಂದೆ ಜನಸಮೂಹ ಕುಳಿತ ಚಿತ್ರವಲ್ಲ ಇದು. ಚಿಕ್ಕ ಗುಂಪು, ಸಾಮಾನ್ಯ ಉಪಾಧ್ಯಾಯ, ಒಂದೇ ಪುಸ್ತಕ: ಇದೇ ಆ ವ್ಯವಸ್ಥೆಯ ಬಲ.

ಇಷ್ಟರಲ್ಲಿ ಧರ್ಮಸಭೆಯ ಅಧಿಕಾರವು ಈ ಕಾರ್ಯವನ್ನು ತನ್ನದನ್ನಾಗಿ ಮಾಡಿಕೊಂಡಿತ್ತು. ಟ್ರೆಂಟಿನ ಮಹಾಸಭೆಯು ೧೫೬೩ರಲ್ಲಿ, ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಭಾನುವಾರಗಳಂದು ಮತ್ತು ಹಬ್ಬದ ದಿನಗಳಂದು ಮಕ್ಕಳಿಗೆ ಧರ್ಮದ ಮೂಲಾಂಶಗಳನ್ನು ಕಲಿಸುವಂತೆ ನೋಡಿಕೊಳ್ಳುವುದು ಧರ್ಮಾಧ್ಯಕ್ಷರ ಕರ್ತವ್ಯವೆಂದು ವಿಧಿಸಿತು. ಮಿಲಾನಿನ ಗೃಹಸ್ಥರು ಈ ಕೆಲಸವನ್ನು ಅದಕ್ಕೆ ೨೭ ವರ್ಷಗಳ ಮೊದಲೇ ಪ್ರಾರಂಭಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ೧೫೬೬ರಲ್ಲಿ ಪ್ರಕಟವಾದ ರೋಮನ್ ಜ್ಞಾನೋಪದೇಶ ಗ್ರಂಥವು ಪಾದ್ರಿಗಳಿಗಾಗಿ ರಚಿತವಾದದ್ದು. ೧೫೬೦ರಲ್ಲಿ ಮಿಲಾನಿನ ಗೃಹಸ್ಥನಾದ ಮಾರ್ಕೊ ದೆ ಸಾದಿಸ್ ಕುಸಾನಿಯು ರೋಮಿನಲ್ಲಿ ಇಂತಹುದೇ ಸಂಘವನ್ನು ಕೂಡಿಸಿದ್ದನು. ಐದನೆಯ ಪಯಸ್ ಪೋಪರು ೧೫೭೧ರಲ್ಲಿ ಈ ಬಗೆಯ ಸಂಘಗಳನ್ನು ಎಲ್ಲೆಡೆಯಲ್ಲಿಯೂ ಸ್ಥಾಪಿಸುವಂತೆ ಧರ್ಮಾಧ್ಯಕ್ಷರಿಗೆ ಸಲಹೆಯಿತ್ತರು. ಐದನೆಯ ಪೌಲ್ ಪೋಪರು ೧೬೦೭ರಲ್ಲಿ ರೋಮಿನ ಸಂಘವನ್ನು ಮಹಾಸಂಘದ ಪದವಿಗೇರಿಸಿದರು. ಮಿಲಾನಿನಲ್ಲಿಯೇ ಬೊರ್ರೊಮಿಯೊ ೧೫೭೮ರಲ್ಲಿ ಸಂತ ಆಂಬ್ರೋಸನ ಹೆಸರಿನ ಪಾದ್ರಿಗಳ ಸಂಘವನ್ನು ಸ್ಥಾಪಿಸಿ, ಶಾಲೆಗಳ ಮೇಲ್ವಿಚಾರಣೆಯನ್ನು ಅದರ ಕಾರ್ಯಗಳಲ್ಲೊಂದನ್ನಾಗಿ ಮಾಡಿದನು. ಗೃಹಸ್ಥರು ನೆಟ್ಟ ಸಸಿಗೆ ಹೀಗೆ ಬೇಲಿಯೂ ನೀರೂ ಒಟ್ಟಿಗೆ ಬಂದುವು.

ಈ ಹಂತದಲ್ಲಿ ರೋಬರ್ಟ್ ಬೆಲ್ಲರ್ಮಿನನ ಎರಡು ಪುಸ್ತಕಗಳು ನಮ್ಮ ವಿಚಾರಕ್ಕೆ ಬಹಳ ಉಪಯುಕ್ತ. ೧೫೯೭ರ ಚಿಕ್ಕ ಜ್ಞಾನೋಪದೇಶವು ವಿದ್ಯಾರ್ಥಿಗಳಿಗಾಗಿ. ೧೫೯೮ರ ವಿಸ್ತಾರವಾದ ವಿವರಣೆಯು ಕಲಿಸುವವರಿಗಾಗಿ. ಮೊದಲನೆಯದರಲ್ಲಿ ಗುರು ಕೇಳುತ್ತಾನೆ, ಶಿಷ್ಯ ಉತ್ತರಿಸುತ್ತಾನೆ. ಎರಡನೆಯದರಲ್ಲಿ ಶಿಷ್ಯ ಕೇಳುತ್ತಾನೆ, ಗುರು ಉತ್ತರಿಸುತ್ತಾನೆ. ಉಪನಿಷತ್ತುಗಳಲ್ಲಿ ಕೇಳುವವನು ಶಿಷ್ಯನೆಂಬುದನ್ನು ಬಲ್ಲ ನಮಗೆ ಈ ವ್ಯತ್ಯಾಸದ ಅರ್ಥ ಬೇಗನೆ ಹೊಳೆಯುತ್ತದೆ. ಗುರು ಕೇಳುವಾಗ ಪರೀಕ್ಷೆಗೊಳಗಾಗುವುದು ಶಿಷ್ಯನ ನೆನಪು. ಶಿಷ್ಯ ಕೇಳುವಾಗ ಪರೀಕ್ಷೆಗೊಳಗಾಗುವುದು ಗುರುವಿನ ತಿಳಿವಳಿಕೆ. ಬಾಯಿಪಾಠ ಒಪ್ಪಿಸುವುದಕ್ಕೆ ಒಂದು ಪುಸ್ತಕ ಸಾಕಾಗಿತ್ತು. ಮಗುವು ‘ಏಕೆ?’ ಎಂದು ಕೇಳಿದಾಗ ಉತ್ತರಿಸುವುದಕ್ಕೆ ಎರಡನೆಯದು ಬೇಕಾಯಿತು. ಸ್ವಯಂಸೇವಕನಿಗೆ ಶಿಕ್ಷಣ ಅಗತ್ಯವೆಂಬುದನ್ನು ಈ ಎರಡನೆಯ ಪುಸ್ತಕದ ಇರವೇ ಸಾರುತ್ತದೆ.

ಮಿಲಾನಿನ ಕ್ರಮವು ಎಲ್ಲ ಕಡೆಗೂ ಹೊಂದಿಕೊಳ್ಳುವಂತಹುದಾಗಿರಲಿಲ್ಲ. ೧೫೪೨ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಝೇವಿಯರನು ಬೀದಿಗಳಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಕೂಡಿಸಿದನೆಂಬುದು ಪ್ರಸಿದ್ಧ. ಅದೇ ವರ್ಷ ಅವನು ತಮಿಳುನಾಡಿನ ಮುತ್ತುಗಳ ಕರಾವಳಿಗೆ ಹೋಗಿ, ದುಭಾಷಿಗಳ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತರಿಸಿ ಪರವರ ಊರುಗಳಲ್ಲಿ ಕಲಿಸಿದನು. ಒಂದೂರಿನಿಂದ ಇನ್ನೊಂದೂರಿಗೆ ಹೊರಡುವಾಗ ಪ್ರಾರ್ಥನೆಗಳ ಬರೆದ ಪ್ರತಿಯನ್ನೂ, ಅದನ್ನು ಹೇಳಿಕೊಡುವ ಒಬ್ಬ ಊರವನನ್ನೂ ಬಿಟ್ಟುಹೋಗುತ್ತಿದ್ದನು. ಅವನಿಗೆ ಕಣಕ್ಕಪಿಳ್ಳೈ ಎಂದು ಹೆಸರು. ಎಂದರೆ ಲೆಕ್ಕ ಬರೆಯುವವನು, ನಮ್ಮ ಕರಣಿಕನಂತಹವನು. ಈ ಕಣಕ್ಕಪಿಳ್ಳೈಗಳ ಸಂಬಳಕ್ಕಾಗಿ, ಪೋರ್ಚುಗಲ್ ರಾಣಿಯ ಪಾದರಕ್ಷೆಯ ವೆಚ್ಚಕ್ಕೆಂದು ಆ ಕರಾವಳಿಯಿಂದ ಸಲ್ಲುತ್ತಿದ್ದ ವರ್ಷಕ್ಕೆ ೪,೦೦೦ ಹಣವನ್ನು ಝೇವಿಯರನು ಬೇಡಿ ಪಡೆದನು. ಪಾದ್ರಿಯಿಲ್ಲದ ಊರಿನಲ್ಲಿ ದಿನದಿನವೂ ಪ್ರಾರ್ಥನೆ ನಡೆಸಿ, ಸಾವಿನಂಚಿನಲ್ಲಿರುವ ಶಿಶುವಿಗೆ ದೀಕ್ಷಾಸ್ನಾನವನ್ನೂ ಕೊಡಬೇಕಾದವನು ಕೇವಲ ಭಾನುವಾರದ ಸ್ವಯಂಸೇವಕನಾಗಿರಲು ಸಾಧ್ಯವಿರಲಿಲ್ಲ. ನಗರದ ಶಾಲೆಗೆ ಬಿಡುವಿನ ಸಮಯ ಸಾಕಾಯಿತು. ಕರಾವಳಿಯ ಊರಿಗೆ ಒಬ್ಬ ಮನುಷ್ಯನ ಜೀವನವೇ ಬೇಕಾಯಿತು. ಸಂಬಳದ ಉಪದೇಶಿ, ಸ್ವಯಂಸೇವಕ ಉಪದೇಶಿ ಎಂಬ ಎರಡು ಮಾದರಿಗಳು ಇಲ್ಲಿಂದ ಬೇರೆಯಾಗುತ್ತವೆ.

ಭಾಷೆಯ ಪ್ರಶ್ನೆಯೂ ಇಲ್ಲಿಯೇ ಎದುರಾಯಿತು. ಹೆನ್ರಿಕ್ ಹೆನ್ರಿಕಸನ ತಮಿಳು ‘ತಂಬಿರಾನ್ ವಣಕ್ಕಂ’ ೧೫೭೮ರಲ್ಲಿ ಕೊಲ್ಲಂನಲ್ಲಿ ತಮಿಳು ಲಿಪಿಯಲ್ಲಿಯೇ ಅಚ್ಚಾಯಿತು. ಥಾಮಸ್ ಸ್ಟೀಫನ್ಸನ ಕೊಂಕಣಿ ಜ್ಞಾನೋಪದೇಶವು ಅವನ ಮರಣಾನಂತರ, ೧೬೨೨ರಲ್ಲಿ, ಗೋವೆಯ ರಾಯತೂರಿನಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ‘ಕನಾರಿಂ’ ಎಂಬ ಮಾತಿರುವುದರಿಂದ ಅದು ಕನ್ನಡ ಪುಸ್ತಕವೆಂದು ಭ್ರಮಿಸಬಾರದು. ಪೋರ್ಚುಗೀಸರು ಆ ಹೆಸರಿನಿಂದ ಕರೆದದ್ದು ಕೊಂಕಣಿಯನ್ನು. ಪಾದ್ರಿಗಳು ಅಧಿಕಾರದಿಂದ ಬಂದವರಾದರೂ ಭಾಷೆಯ ವಿಷಯದಲ್ಲಿ ಶಿಷ್ಯರಾಗಬೇಕಾಯಿತು. ಊರಿನ ಉಪದೇಶಿಯು ಧರ್ಮವನ್ನು ಅವರಿಂದ ಕಲಿತನು. ಅದನ್ನು ಊರಿನ ಮಾತಿನಲ್ಲಿ ಹೇಳುವುದನ್ನು ಅವರು ಊರಿನವರಿಂದ ಕಲಿತರು.

ಇಪ್ಪತ್ತನೆಯ ಶತಮಾನದಲ್ಲಿ ಮಿಲಾನಿನ ಮಾದರಿಗೆ ಮರುಹುಟ್ಟು ಬಂದಿತು. ಯೂರೋಪಿನ ಅನೇಕ ರಾಷ್ಟ್ರಗಳಲ್ಲಿ ಶಾಲೆಗಳು ಸರಕಾರದ ಕೈ ಸೇರಿ, ಅಲ್ಲಿ ಧರ್ಮಪಾಠವು ಕ್ಷೀಣಿಸಿತ್ತು. ಹತ್ತನೆಯ ಪಯಸ್ ಪೋಪರು ೧೯೦೫ರ ಏಪ್ರಿಲ್ ತಿಂಗಳ ತಮ್ಮ ಸುತ್ತೋಲೆಯಲ್ಲಿ, ಜ್ಞಾನೋಪದೇಶ ಸಂಘವು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇರತಕ್ಕದ್ದೆಂದು ಆಜ್ಞಾಪಿಸಿದರು. ೧೯೧೭ರ ಧರ್ಮಸಂಹಿತೆ ಅದನ್ನು ನಿಯಮವನ್ನಾಗಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ, ಉಪದೇಶಿಗಳ ಶಿಕ್ಷಣಕ್ಕಾಗಿ ಶಾಲೆಗಳು ಹೆಚ್ಚಬೇಕೆಂದೂ, ಪೂರ್ಣಕಾಲ ದುಡಿಯುವವರಿಗೆ ನ್ಯಾಯವಾದ ವೇತನ ಸಲ್ಲಬೇಕೆಂದೂ ಹೇಳಿತು. ಇದರ ಬೆನ್ನಿಗೇ, ೧೯೬೭ರಲ್ಲಿ, ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸರ ನಿರ್ದೇಶನದಲ್ಲಿ ಬೈಬಲ್, ಜ್ಞಾನೋಪದೇಶ ಮತ್ತು ಆರಾಧನೆಗಳ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಯಿತು. ೧೯೮೩ರ ಧರ್ಮಸಂಹಿತೆಯು ಉಪದೇಶಿಗಳು ಯೋಗ್ಯ ಸಿದ್ಧತೆಯನ್ನು ಪಡೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಧರ್ಮಾಧ್ಯಕ್ಷರ ಮೇಲೆ ಹೊರಿಸಿತು. ಕಡೆಗೆ, ೨೦೨೧ರ ಮೇ ತಿಂಗಳಲ್ಲಿ, ಪೋಪ್ ಫ್ರಾನ್ಸಿಸರು ಉಪದೇಶಿಯ ಕಾರ್ಯವನ್ನು ಗೃಹಸ್ಥರ ಒಂದು ವಿಧಿವತ್ತಾದ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ಬೀದಿಯ ಮಕ್ಕಳ ಸೇವಕರು ತಮ್ಮ ಹೆಸರಿಗಾಗಿ ಅಂಜಬೇಕಾಗಿದ್ದ ಕಾಲದಿಂದ ಇದು ಬಹುದೂರದ ಪಯಣ.

ಈ ಚರಿತ್ರೆಯಿಂದ ಏನನ್ನು ಗ್ರಹಿಸಬಹುದು? ಜ್ಞಾನೋಪದೇಶ ಶಾಲೆಗಳು ಜನರನ್ನು ಅಂಕೆಯಲ್ಲಿಡುವ ಸಾಧನಗಳಾಗಿದ್ದುವೆಂದು ಕೆಲವು ವಿದ್ವಾಂಸರ ಮತ. ಬಡವರಿಗೆ ಅಕ್ಷರವನ್ನು ಕೊಟ್ಟ ಸಂಸ್ಥೆಗಳೆಂದು ಇನ್ನು ಕೆಲವರ ಮತ. ಎರಡಕ್ಕೂ ಆಧಾರವಿದೆ. ಎಚ್ಚರಿಸುವವನೂ ಮೌನ ಕಾಯುವವನೂ ಇದ್ದ ಶಾಲೆಯಲ್ಲಿಯೇ ಶುಲ್ಕವಿಲ್ಲದ ಓದೂ ಇತ್ತು. ಆದರೆ ಈ ಎರಡು ಮತಗಳೂ ವಿದ್ಯಾರ್ಥಿಯನ್ನು ಮಾತ್ರ ನೋಡುತ್ತವೆ. ಉಪಾಧ್ಯಾಯನ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ವಾರವೆಲ್ಲ ದುಡಿದು ರಜೆಯ ದಿನವನ್ನು ಪರರ ಮಕ್ಕಳಿಗೆ ಕೊಟ್ಟವನು, ಕಲಿಸುವುದಕ್ಕಾಗಿ ತಾನು ಕಲಿಯಬೇಕಾಯಿತು. ಅವನಿಗೆ ನಂಬಿಕೆಯಿಂದ ಕೆಲಸವನ್ನೊಪ್ಪಿಸುವುದು, ಅವನು ತಪ್ಪದಂತೆ ಕಾಯುವುದು, ಈ ಎರಡರ ನಡುವಣ ತೂಕವೇ ಉಪದೇಶಿಗಳ ಶಿಕ್ಷಣದ ಚರಿತ್ರೆ. ಕಾವಲು ಹೆಚ್ಚಾದಲ್ಲಿ ಅವನು ಪುಸ್ತಕದ ಪ್ರತಿಧ್ವನಿಯಾದನು. ಶಿಕ್ಷಣ ಸಾಲದಾದಲ್ಲಿ ಮಗುವಿನ ಪ್ರಶ್ನೆಗೆ ಮೂಕನಾದನು. ಬೆಲ್ಲರ್ಮಿನನು ಎರಡು ಪುಸ್ತಕಗಳನ್ನು ಬರೆಯಬೇಕಾಗಿ ಬಂದುದರ ಕಾರಣ ಇದರಲ್ಲಿಯೇ ಇದೆ. ಯಾವ ವಿಷಯವನ್ನೇ ಆಗಲಿ ಕಲಿಸುವವರಾದ ನಮಗೆ ಈ ಕಾರಣವು ಅನ್ಯವಾದುದಲ್ಲ.