ಗುರುತಿನಿಂದ ಅರ್ಹತೆಗೆ: ಚಾಲನಾ ಪರವಾನಗಿ ಮತ್ತು ಸಂಚಾರ ದಂಡ ಬೆಳೆದು ಬಂದ ಬಗೆ

ರಸ್ತೆಯಲ್ಲಿ ದುಡುಕಿ ವಾಹನ ಓಡಿಸುವುದು ಭಾರತದಲ್ಲಿ ಅಪರಾಧವಾದದ್ದು ಇಲ್ಲಿಗೆ ಮೋಟಾರು ಬರುವುದಕ್ಕೆ ಮೂರು ದಶಕಗಳಿಗೂ ಹಿಂದೆ. 1860ರ ಭಾರತೀಯ ದಂಡಸಂಹಿತೆಯ 279ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ಮನುಷ್ಯರ ಜೀವಕ್ಕೆ ಕುತ್ತಾಗುವಷ್ಟು ದುಡುಕಿನಿಂದ ಇಲ್ಲವೇ ಅಜಾಗರೂಕತೆಯಿಂದ ವಾಹನ ನಡೆಸುವವನಿಗೂ ಸವಾರಿ ಮಾಡುವವನಿಗೂ ಆರು ತಿಂಗಳವರೆಗಿನ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗಿನ ದಂಡವನ್ನು, ಅಥವಾ ಎರಡನ್ನೂ ವಿಧಿಸಿತು. ಆ ಕಲಮು ಬರೆದವರ ಕಣ್ಣೆದುರು ಇದ್ದದ್ದು ಕುದುರೆ ಮತ್ತು ಕುದುರೆಗಾಡಿಗಳು. ಓಡಿಸುವ ಮೊದಲು ಯಾರ ಅನುಮತಿಯನ್ನೂ ಪಡೆಯಬೇಕೆಂದು ಅದು ಹೇಳಲಿಲ್ಲ. ಯಾರು ಬೇಕಾದರೂ ಓಡಿಸಬಹುದಿತ್ತು, ತಪ್ಪಾದರೆ ಮಾತ್ರ ನ್ಯಾಯಾಲಯದ ಮುಂದೆ ನಿಲ್ಲಬೇಕಿತ್ತು. ಚಾಲನಾ ಪರವಾನಗಿ, ಅಂದರೆ ಜನರ ಬಾಯಲ್ಲಿನ ಲೈಸೆನ್ಸು, ಇದಕ್ಕೆ ತಿರುವುಮುರುವಾದ ತತ್ತ್ವದ ಮೇಲೆ ನಿಂತಿದೆ: ಓಡಿಸುವುದು ಎಲ್ಲರಿಗೂ ನಿಷಿದ್ಧ, ಅನುಮತಿ ಪಡೆದವರಿಗೆ ಮಾತ್ರ ವಿನಾಯಿತಿ. ಮೊದಲು ಅನುಮತಿ ನೀಡುವ ವ್ಯವಸ್ಥೆ, ಆಮೇಲೆ ದಂಡಿಸುವ ವ್ಯವಸ್ಥೆ, ಇವೆರಡೂ ಬೇರೆ ಬೇರೆ ಮೂಲಗಳಿಂದ ಹುಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ಒಂದೇ ಕಾಯಿದೆಯೊಳಗೆ ಬಂದು ಸೇರಿದವು.

ಅನುಮತಿಯ ವ್ಯವಸ್ಥೆ ಮೊದಲು ಅನ್ವಯವಾದದ್ದು ಬಾಡಿಗೆ ವಾಹನಗಳಿಗೆ. 1861ರ ಸ್ಟೇಜ್ ಕ್ಯಾರೇಜ್ ಕಾಯಿದೆಯು ಊರಿಂದೂರಿಗೆ ಪ್ರಯಾಣಿಕರನ್ನು ಒಯ್ಯುವ ಕುದುರೆಗಾಡಿಗಳಿಗೂ, 1879ರ ಹ್ಯಾಕ್ನಿ ಕ್ಯಾರೇಜ್ ಕಾಯಿದೆಯು ಪಟ್ಟಣಗಳಲ್ಲಿ ಬಾಡಿಗೆಗೆ ಓಡುವ ಗಾಡಿಗಳಿಗೂ ಪರವಾನಗಿಯ ಕಟ್ಟುಪಾಡು ತಂದವು. ಗಾಡಿಯಲ್ಲಿ ಎಷ್ಟು ಜನ ಕೂರಬಹುದು, ಬಾಡಿಗೆ ಎಷ್ಟಿರಬೇಕು, ಕುದುರೆ ಎಳೆಯಲು ಶಕ್ತವಾಗಿದೆಯೇ ಎಂಬುವೇ ಅಂದಿನ ಚಿಂತೆಗಳಾಗಿದ್ದು, ಹಣ ಕೊಟ್ಟು ಕೂರುವ ಪ್ರಯಾಣಿಕನ ಹಿತವೇ ಅವುಗಳ ಉದ್ದೇಶವಾಗಿತ್ತು. ಸ್ವಂತ ಸಾರೋಟನ್ನು ತಾನೇ ಓಡಿಸುವ ಶ್ರೀಮಂತನಿಗೆ ಇಂಥ ಯಾವ ಕಟ್ಟಳೆಯೂ ಇರಲಿಲ್ಲ. ಸ್ವಂತ ವಾಹನ ಓಡಿಸುವವನೂ ಸರ್ಕಾರದ ಅನುಮತಿ ಪಡೆಯಬೇಕೆಂಬ ವಿಚಾರ ಮೋಟಾರಿನ ಜೊತೆಗೇ ಬಂದದ್ದು.

ಯುರೋಪಿನಲ್ಲಿ ಈ ವಿಚಾರ ಎರಡು ದಾರಿಗಳಲ್ಲಿ ಬೆಳೆಯಿತು. ಪ್ಯಾರಿಸ್ಸಿನ ಪೊಲೀಸ್ ಆಡಳಿತ 1893ರ ಆಗಸ್ಟ್ 14ರಂದು ಹೊರಡಿಸಿದ ಆಜ್ಞೆಯು ಯಂತ್ರಚಾಲಿತ ವಾಹನ ನಡೆಸುವವನು ಸಾಮರ್ಥ್ಯದ ಪ್ರಮಾಣಪತ್ರ ಪಡೆದಿರಬೇಕೆಂದು ವಿಧಿಸಿತು. ಅಂದಿನ ಹಲವು ವಾಹನಗಳು ಉಗಿಯಿಂದ ಓಡುತ್ತಿದ್ದುದರಿಂದ ಪರೀಕ್ಷಿಸುವ ಹೊಣೆ ಗಣಿ ಇಲಾಖೆಯ ಎಂಜಿನಿಯರುಗಳ ಮೇಲೆ ಬಿತ್ತು. ಇಂಗ್ಲೆಂಡ್ ಹಿಡಿದದ್ದು ಬೇರೆಯ ದಾರಿ. ಅಲ್ಲಿನ 1865ರ ಕಾನೂನು ಯಂತ್ರವಾಹನದ ಮುಂದೆ ಒಬ್ಬ ಆಳು ನಡೆದು ಹೋಗಬೇಕೆಂದೂ, ವೇಗ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರಬಾರದೆಂದೂ ಹೇಳಿತ್ತು; 1896ರಲ್ಲಿ ಈ ಕಟ್ಟು ಸಡಿಲವಾದ ಮೇಲೆ ಕಾರುಗಳ ವೇಗವೂ ಹೆಚ್ಚಿತು, ಧೂಳು, ಬೆದರಿದ ಕುದುರೆಗಳು ಮತ್ತು ಗುರುತು ಸಿಗದಂತೆ ಓಡಿಹೋಗುವ ಚಾಲಕರ ಮೇಲಿನ ದೂರುಗಳೂ ಹೆಚ್ಚಿದವು. 1903ರ ಮೋಟಾರ್ ಕಾರ್ ಕಾಯಿದೆಯು ಈ ದೂರುಗಳಿಗೆ ಉತ್ತರವಾಗಿ ಬಂದು, ಪ್ರತಿ ಕಾರಿಗೂ ನೋಂದಣಿ ಸಂಖ್ಯೆಯನ್ನು, ಪ್ರತಿ ಚಾಲಕನಿಗೂ ಪರವಾನಗಿಯನ್ನು ಕಡ್ಡಾಯಗೊಳಿಸಿ ವೇಗದ ಮಿತಿಯನ್ನು 20 ಮೈಲಿಗೆ ಏರಿಸಿತು. 17 ವರ್ಷ ತುಂಬಿದ ಯಾರೇ ಆದರೂ ಐದು ಶಿಲಿಂಗ್ ಕೊಟ್ಟರೆ ಪರವಾನಗಿ ಸಿಗುತ್ತಿತ್ತು, ಪರೀಕ್ಷೆಯೆಂಬುದೇ ಇರಲಿಲ್ಲ. ಓಡಿಸಲು ಬರುತ್ತದೆಯೇ ಎಂದು ತಿಳಿಯುವುದಕ್ಕಿಂತ ಓಡಿಸಿದವರು ಯಾರೆಂದು ಪತ್ತೆಹಚ್ಚುವುದೇ ಆ ಚೀಟಿಯ ಕೆಲಸವಾಗಿತ್ತು. ಶಿಕ್ಷೆಯಾದಾಗ ನ್ಯಾಯಾಲಯವು ಅದನ್ನು ಪರವಾನಗಿಯ ಮೇಲೆಯೇ ಬರೆದಿಡಬಹುದಿತ್ತು, ಅಗತ್ಯವೆನಿಸಿದರೆ ಪರವಾನಗಿಯನ್ನೇ ಅಮಾನತಿನಲ್ಲಿಡಬಹುದಿತ್ತು. ಬ್ರಿಟನ್ನಿನಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್ 1ರಿಂದ, ಅಂದರೆ ಪರವಾನಗಿ ಬಂದು ಮೂರು ದಶಕ ಕಳೆದ ಮೇಲೆ.

ಭಾರತದ ಕಾನೂನು ಬ್ರಿಟಿಷ್ ಮಾದರಿಯನ್ನೇ ಅನುಸರಿಸಿತು. ಬಂಗಾಳದಲ್ಲಿ 1903ರಲ್ಲಿ, ಮುಂಬಯಿಯಲ್ಲಿ 1904ರಲ್ಲಿ, ಮದರಾಸಿನಲ್ಲಿ 1907ರಲ್ಲಿ ಪ್ರಾಂತೀಯ ಕಾಯಿದೆಗಳು ಬಂದವು. ಒಂದು ಪ್ರಾಂತದ ಕಾರು ಇನ್ನೊಂದನ್ನು ಹೊಕ್ಕಾಗ ಎರಡು ಬಗೆಯ ನಿಯಮಗಳು ಎದುರಾಗುತ್ತಿದ್ದುದರಿಂದ 1914ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಮೋಟಾರು ವಾಹನ ಕಾಯಿದೆಯನ್ನು ರೂಪಿಸಲಾಯಿತು. ಹದಿನೆಂಟು ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ಓಡಿಸಬಾರದು, ಪರವಾನಗಿ ಇಲ್ಲದೆ ಯಾರೂ ಓಡಿಸಬಾರದು, ವಾಹನ ನೋಂದಣಿಯಾಗಿರಬೇಕು ಎಂಬಿಷ್ಟು ಮುಖ್ಯ ಸೂತ್ರಗಳನ್ನು ಹಾಕಿಕೊಟ್ಟ ಈ ಪುಟ್ಟ ಕಾಯಿದೆ ಉಳಿದ ವಿವರಗಳನ್ನೆಲ್ಲ ಪ್ರಾಂತಗಳ ನಿಯಮಗಳಿಗೆ ಬಿಟ್ಟಿತು.

ಕನ್ನಡ ನಾಡಿನ ಮಟ್ಟಿಗೆ ಆ ಏಕರೂಪತೆಯೂ ಇರಲಿಲ್ಲ. ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ, ಮಂಗಳೂರು ಮತ್ತು ಬಳ್ಳಾರಿ ಮದರಾಸು ಪ್ರಾಂತಕ್ಕೆ, ಕಲಬುರಗಿ, ರಾಯಚೂರು, ಬೀದರಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು; ಕೊಡಗಿಗೆ ಪ್ರತ್ಯೇಕ ಆಡಳಿತವಿತ್ತು; ಮೈಸೂರು ಸೀಮೆಯಲ್ಲಿ ಸಂಸ್ಥಾನದ ಶಾಸನಗಳೇ ನಡೆಯುತ್ತಿದ್ದವು. ಬೆಂಗಳೂರಿನೊಳಗೇ ಪೇಟೆ ಮಹಾರಾಜರ ಆಡಳಿತದಲ್ಲಿದ್ದರೆ, ದಂಡು ಪ್ರದೇಶವಾದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ 1947ರವರೆಗೂ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಇಂದು ಅರ್ಧ ಗಂಟೆಯಲ್ಲಿ ದಾಟುವ ದಾರಿಯಲ್ಲಿ ಅಂದಿನ ಚಾಲಕ ಎರಡು ಪ್ರಭುತ್ವಗಳ ಅಧಿಕಾರವ್ಯಾಪ್ತಿಯನ್ನು ಹಾದುಹೋಗುತ್ತಿದ್ದನು.

ಪರವಾನಗಿ ಅರ್ಹತೆಯ ಪತ್ರವಾಗಿ ಗಟ್ಟಿಗೊಂಡದ್ದು 1939ರ ಮೋಟಾರು ವಾಹನ ಕಾಯಿದೆಯಿಂದ. ಅದರ ಹಿಂದಿದ್ದ ಮುಖ್ಯ ಪ್ರೇರಣೆ ಸುರಕ್ಷತೆಯದಲ್ಲ, ರೈಲಿನ ಆದಾಯದ್ದು. ಬಸ್ಸು ಮತ್ತು ಲಾರಿಗಳು ರೈಲಿನ ಗಿರಾಕಿಗಳನ್ನು ಸೆಳೆಯತೊಡಗಿದಾಗ ಮಿಚೆಲ್–ಕಿರ್ಕ್‌ನೆಸ್ ಸಮಿತಿ ಈ ಪೈಪೋಟಿಯನ್ನು ಪರಿಶೀಲಿಸಿತು, 1933ರಲ್ಲಿ ಸಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನವೂ ನಡೆಯಿತು. ಬಾಡಿಗೆ ವಾಹನಗಳು ಯಾವ ಮಾರ್ಗದಲ್ಲಿ ಓಡಬೇಕೆಂದು ನಿರ್ಧರಿಸುವ ರಹದಾರಿಯ, ಅಂದರೆ ಪರ್ಮಿಟ್ಟಿನ, ವ್ಯವಸ್ಥೆಯೂ ಅದನ್ನು ನಡೆಸುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳೂ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅದೇ ಕಾಯಿದೆ ಚಾಲಕನ ವಿಷಯದಲ್ಲಿಯೂ ಹೊಸ ಶಿಸ್ತು ತಂದು, ಚಾಲನೆಯ ಪರೀಕ್ಷೆ ಹೇಗಿರಬೇಕೆಂಬುದನ್ನು ತನ್ನ ಮೂರನೆಯ ಅನುಸೂಚಿಯಲ್ಲಿ ನಮೂದಿಸಿತು, ದೇಹಸ್ಥಿತಿಯ ಬಗೆಗೆ ವೈದ್ಯರ ಪ್ರಮಾಣಪತ್ರವನ್ನೂ ಕೇಳಿತು.

ಈ ಕಾಯಿದೆಯ ಎಂಟನೆಯ ಅಧ್ಯಾಯ ಪರವಾನಗಿಗೆ ಇನ್ನೊಂದು ಬೆಲೆಯನ್ನು ತಂದುಕೊಟ್ಟಿತು. ವಾಹನದಿಂದ ಗಾಯಗೊಂಡ ಮೂರನೆಯವರಿಗೆ, ಅಂದರೆ ವಾಹನದ ಮಾಲೀಕನೂ ವಿಮಾ ಕಂಪನಿಯೂ ಅಲ್ಲದ ದಾರಿಹೋಕರಂಥವರಿಗೆ, ಪರಿಹಾರ ದೊರಕಿಸುವ ವಿಮೆಯನ್ನು ಕಡ್ಡಾಯಗೊಳಿಸಿದ ಆ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಿತು. ಸರಿಯಾದ ಪರವಾನಗಿ ಇಲ್ಲದವನು ವಾಹನ ಓಡಿಸುತ್ತಿದ್ದನೆಂದು ತೋರಿಸಿ ಹೊಣೆಯಿಂದ ಪಾರಾಗಲು ವಿಮಾ ಕಂಪನಿಗೆ ಕಾಯಿದೆಯೇ ಅವಕಾಶ ನೀಡಿದ್ದರಿಂದ, ಸಾವಿರಾರು ಅಪಘಾತ ಪ್ರಕರಣಗಳಲ್ಲಿ ವಾದದ ತಿರುಳು ಚಾಲಕನ ಪರವಾನಗಿಯೇ ಆಯಿತು. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ನೀಡಿದ ತೀರ್ಪು, ಪರವಾನಗಿಯ ದೋಷವಿದ್ದ ಮಾತ್ರಕ್ಕೆ ಗಾಯಗೊಂಡವರು ಬರಿಗೈಯಲ್ಲಿ ಹೋಗಬಾರದೆಂದೂ, ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಬಹುದೆಂದೂ ಸ್ಪಷ್ಟಪಡಿಸಿತು. ಪರವಾನಗಿ ನವೀಕರಿಸದೆ ಬಿಟ್ಟವನು ತೆರಬೇಕಾದ ಬೆಲೆ ಪೊಲೀಸರು ಹಾಕುವ ದಂಡಕ್ಕೆ ಮುಗಿಯದೆ ಮನೆಮಾರಿನವರೆಗೂ ಹೋಗಬಹುದಾದದ್ದು ಈ ಕೊಂಡಿಯಿಂದಲೇ.

ದಂಡದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಮೊದಲಿಗೆ ಎಷ್ಟೇ ಸಣ್ಣ ಸಂಚಾರ ಅಪರಾಧವಾದರೂ ಅದು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಯಾಗಬೇಕಾದ ಮೊಕದ್ದಮೆಯಾಗಿತ್ತು. ಮೋಟಾರುಗಳು ಹೆಚ್ಚಿದಂತೆ ನ್ಯಾಯಾಲಯಗಳ ಮೇಲೆ ಹೊರೆ ಬಿದ್ದುದರಿಂದ, 1939ರ ಕಾಯಿದೆಯ 130ನೆಯ ಕಲಮು ಗಂಭೀರವಲ್ಲದ ಪ್ರಕರಣಗಳಲ್ಲಿ ಆರೋಪಿ ತಾನೇ ಬರದೆ ವಕೀಲರ ಮೂಲಕ ಹಾಜರಾಗಲು, ಇಲ್ಲವೇ ರಿಜಿಸ್ಟರ್ಡ್ ಪತ್ರದ ಮೂಲಕ ತಪ್ಪೊಪ್ಪಿಕೊಂಡು ನ್ಯಾಯಾಲಯ ಸಮನ್ಸಿನಲ್ಲಿ ಸೂಚಿಸಿದ, 25 ರೂಪಾಯಿ ಮೀರದ ಮೊತ್ತವನ್ನು ಕಳುಹಿಸಿಕೊಡಲು ಅವಕಾಶ ನೀಡಿತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆಯ 208ನೆಯ ಕಲಮು ಇದೇ ಕ್ರಮವನ್ನು ಮುಂದುವರಿಸಿ ಮನಿಯಾರ್ಡರಿನ ದಾರಿ ತೋರಿಸಿತು. ಆದರೆ ಅದೇ ಕಾಯಿದೆಯ 200ನೆಯ ಕಲಮು ಇಟ್ಟ ಹೆಜ್ಜೆ ಇನ್ನೂ ದೊಡ್ಡದು. ನಿರ್ದಿಷ್ಟ ಅಪರಾಧಗಳನ್ನು ರಾಜ್ಯ ಸರ್ಕಾರ ಅಧಿಸೂಚಿಸಿದ ಅಧಿಕಾರಿಯೇ ರಾಜಿ ಮಾಡಿಕೊಳ್ಳಬಹುದೆಂದು ಅದು ಹೇಳಿತು. ರಾಜಿ ಎಂದರೆ ಇಲ್ಲಿ ಚೌಕಾಸಿಯಲ್ಲ. ಗೊತ್ತುಪಡಿಸಿದ ಮೊತ್ತವನ್ನು ಕಟ್ಟಿದವನ ಮೇಲೆ ಆ ಅಪರಾಧಕ್ಕಾಗಿ ಮುಂದೆ ಮೊಕದ್ದಮೆ ನಡೆಯುವುದಿಲ್ಲ ಎಂದು ಅರ್ಥ. ರಸ್ತೆಬದಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ರಸೀದಿ ಹರಿದು ಕೊಡುವ ಪದ್ಧತಿಗೆ ಕಾನೂನಿನ ತಳಹದಿ ಇದೇ ಆಗಿದ್ದು, ಹಣ ಕಟ್ಟಲು ಒಪ್ಪದವನಿಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇಂದಿಗೂ ಉಳಿದಿದೆ.

1956ರ ರಾಜ್ಯ ಪುನರ್ವಿಂಗಡಣೆ ಐದು ಆಡಳಿತಗಳ ಕನ್ನಡ ಪ್ರದೇಶಗಳನ್ನು ಒಂದುಗೂಡಿಸಿದ ಮೇಲೆ ಸಾರಿಗೆಯ ನಿಯಮಗಳೂ ಒಂದಾಗಬೇಕಾಯಿತು. 1957ರಲ್ಲಿ ರಾಜ್ಯದ ಮೋಟಾರು ವಾಹನ ತೆರಿಗೆ ಕಾಯಿದೆಯೂ 1963ರಲ್ಲಿ ಮೋಟಾರು ವಾಹನ ನಿಯಮಗಳೂ ಬಂದು ಈ ಕೆಲಸವನ್ನು ಪೂರೈಸಿದವು. ಚಾಲಕರನ್ನು ಪರೀಕ್ಷಿಸುವ ಮೋಟಾರು ವಾಹನ ನಿರೀಕ್ಷಕನೇ ವಾಹನಗಳ ಬ್ರೇಕು ಮುಂತಾದವುಗಳನ್ನೂ ತಪಾಸಣೆ ಮಾಡುತ್ತಿದ್ದುದರಿಂದ ಜನರ ಮಾತಿನಲ್ಲಿ ಅವನು ಬ್ರೇಕ್ ಇನ್‌ಸ್ಪೆಕ್ಟರನಾಗಿಯೇ ಉಳಿದನು. 1989ರಿಂದ ವಾಹನಗಳ ಫಲಕದಲ್ಲಿ ರಾಜ್ಯಕ್ಕೆ ಕೆಎ ಎಂಬ ಗುರುತೂ ಪ್ರತಿ ಕಚೇರಿಗೆ ಒಂದೊಂದು ಸಂಖ್ಯೆಯೂ ಬಂದವು. ಮೈಸೂರಿಗೆ 09, ಮಂಗಳೂರಿಗೆ 19, ಧಾರವಾಡಕ್ಕೆ 25 ಎಂಬಂತೆ ಆರ್‌ಟಿಒ ಕಚೇರಿಯ ಸಂಖ್ಯೆಯೇ ಊರಿನ ಗುರುತಾಯಿತು. ಅದೇ ವರ್ಷದ ಕೇಂದ್ರ ನಿಯಮಗಳು ಪರವಾನಗಿಯ ಮೆಟ್ಟಿಲುಗಳನ್ನು ದೇಶಕ್ಕೆಲ್ಲ ಒಂದೇ ತೆರನಾಗಿಸಿದವು. ಮೊದಲು ಸಂಚಾರ ಚಿಹ್ನೆ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ ಮುಂತಾದವುಗಳ ಮೇಲಿನ ಪ್ರಶ್ನೆಗಳಿಗೆ ಉತ್ತರಿಸಿ ಆರು ತಿಂಗಳ ಕಲಿಕಾ ಪರವಾನಗಿ, ಅಂದರೆ ಎಲ್‌ಎಲ್‌ಆರ್, ಪಡೆಯಬೇಕು. ಕನಿಷ್ಠ ಮೂವತ್ತು ದಿನ ಕಳೆದ ಮೇಲೆ ನಿರೀಕ್ಷಕನ ಎದುರು ವಾಹನ ಓಡಿಸಿ ತೋರಿಸಬೇಕು. ದ್ವಿಚಕ್ರ ವಾಹನದವರು ಕಾಲು ನೆಲಕ್ಕೆ ತಾಗಿಸದೆ ‘ಎಂಟು ಹಾಕುವ’ ಪರೀಕ್ಷೆ ಇದರ ಭಾಗವಾಗಿಯೇ ಜನಜನಿತವಾಯಿತು.

ದಂಡದ ಮೊತ್ತ ಮಾತ್ರ ಬಹುಕಾಲ ನಿಂತಲ್ಲೇ ನಿಂತಿತು. 1988ರ ಕಾಯಿದೆಯ 177ನೆಯ ಕಲಮು, ಬೇರೆ ಶಿಕ್ಷೆ ಹೇಳಿರದ ಅಪರಾಧಗಳಿಗೆ ಮೊದಲ ಸಲ ನೂರು ರೂಪಾಯಿವರೆಗೆ, ಮತ್ತೆ ಮಾಡಿದರೆ ಮುನ್ನೂರು ರೂಪಾಯಿವರೆಗೆ ದಂಡವೆಂದಿತ್ತು. ಮೂವತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಇಳಿಯುತ್ತ ಹೋದಂತೆ ಆ ನೂರು ರೂಪಾಯಿಯ ಭಯವೂ ಇಳಿಯಿತು. 2019ರ ತಿದ್ದುಪಡಿ ಅದನ್ನು 500 ಮತ್ತು 1500ಕ್ಕೆ ಏರಿಸಿತು. ಪರವಾನಗಿ ಇಲ್ಲದೆ ಓಡಿಸುವುದರ ದಂಡ 500ರಿಂದ 5000ಕ್ಕೆ, ಕುಡಿದು ಓಡಿಸುವ ಮೊದಲ ಅಪರಾಧದ್ದು 2000ದಿಂದ 10,000ಕ್ಕೆ ಏರಿತು. ಅಪ್ರಾಪ್ತರು ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಸೆರೆವಾಸ ಎಂಬ ಹೊಸ ಕಲಮೂ ಸೇರಿತು. ಮೋಟಾರು ವಾಹನಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರಕ್ಕೂ ರಾಜ್ಯಗಳಿಗೂ ಅಧಿಕಾರವಿರುವ ವಿಷಯ. ಅದಲ್ಲದೆ ರಾಜಿ ಮೊತ್ತವನ್ನು ನಿಗದಿಪಡಿಸುವ ಅಧಿಕಾರ ರಾಜ್ಯದ್ದೇ ಆಗಿದೆ. ಸೆಪ್ಟೆಂಬರ್ 1ರಿಂದ ಹೊಸ ದರಗಳು ಜಾರಿಗೆ ಬಂದು ವಿರೋಧ ಎದ್ದಾಗ ಕರ್ನಾಟಕ ಸರ್ಕಾರ ಅದೇ ತಿಂಗಳಲ್ಲಿ ಈ ಅಧಿಕಾರವನ್ನು ಬಳಸಿ, ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಅಪರಾಧಗಳಿಗೆ ಕೇಂದ್ರ ಹೇಳಿದ ಸಾವಿರವನ್ನು ಐನೂರಕ್ಕೆ ಇಳಿಸಿತು.

ಇದರ ಬೆನ್ನಿಗೇ ದಂಡ ಹಾಕುವವರ ಜಾಗಕ್ಕೆ ಯಂತ್ರ ಬಂದಿತು. 2021ರಲ್ಲಿ ಸೇರ್ಪಡೆಯಾದ ಕೇಂದ್ರದ 167ಎ ನಿಯಮವು ಕ್ಯಾಮೆರಾ ಇರುವ ರಸ್ತೆಯಲ್ಲಿ ಆ ಬಗ್ಗೆ ಎಚ್ಚರಿಕೆಯ ಫಲಕ ಇರಬೇಕೆಂದೂ, ಅಪರಾಧ ನಡೆದ ಹದಿನೈದು ದಿನಗಳೊಳಗೆ ನೋಟಿಸು ಕಳುಹಿಸಬೇಕೆಂದೂ, ಪ್ರಕರಣ ಮುಗಿಯುವವರೆಗೆ ಚಿತ್ರವನ್ನು ಕಾಪಿಡಬೇಕೆಂದೂ ವಿಧಿಸಿತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್ನುಗಳಲ್ಲಿ ನಂಬರ್ ಪ್ಲೇಟು ಓದುವ 250 ಮತ್ತು ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾಗಳು ಕೆಲಸಕ್ಕೆ ತೊಡಗಿದವು. ಬಾಕಿ ಬಿದ್ದಿದ್ದ ಚಲನ್‌ಗಳ ರಾಶಿ ಕರಗಿಸಲು 2023ರ ಫೆಬ್ರವರಿಯಲ್ಲಿ ರಾಜ್ಯವು ದಂಡದ ಮೇಲೆ ಶೇಕಡ 50ರ ರಿಯಾಯಿತಿಯನ್ನು ಘೋಷಿಸಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ರಿಯಾಯಿತಿ ಸಿಗುವ ದಂಡ ನ್ಯಾಯಾಲಯದ ಶಿಕ್ಷೆಯ ಸ್ವರೂಪವನ್ನು ಬಹುಮಟ್ಟಿಗೆ ಕಳೆದುಕೊಂಡು, ತೆರಿಗೆಯ ಅಥವಾ ನೀರಿನ ಬಿಲ್ಲಿನ ಬಾಕಿಯಂತೆ ಕಾಣತೊಡಗಿತು.

ಈ ಬೆಳವಣಿಗೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕ್ಯಾಮೆರಾ ಓದುವುದು ವಾಹನದ ಸಂಖ್ಯೆಯನ್ನೇ ಹೊರತು ಚಾಲಕನ ಪರವಾನಗಿಯನ್ನಲ್ಲ. ಓಡಿಸಿದವರು ಯಾರೆಂದು ತಿಳಿಸುವ ಹೊಣೆಯನ್ನು 1988ರ ಕಾಯಿದೆಯ 133ನೆಯ ಕಲಮು ಮಾಲೀಕನ ಮೇಲೆ ಹೊರಿಸಿದೆಯಾದರೂ, ಮಾಲೀಕ ದಂಡ ಕಟ್ಟಿಬಿಟ್ಟರೆ ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಇತ್ತ ರಸ್ತೆ ಸುರಕ್ಷತೆಗೆಂದು ನ್ಯಾಯಮೂರ್ತಿ ಕೆ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯು, ಅತಿವೇಗ, ಕೆಂಪು ದೀಪ ದಾಟುವಿಕೆ, ಕುಡಿದು ಓಡಿಸುವಿಕೆ, ಓಡಿಸುತ್ತ ಮೊಬೈಲ್ ಬಳಕೆಗಳಂಥ ಅಪರಾಧಗಳಿಗೆ ದಂಡದ ಜೊತೆ ಕನಿಷ್ಠ ಮೂರು ತಿಂಗಳು ಪರವಾನಗಿಯನ್ನೂ ಅಮಾನತಿನಲ್ಲಿಡುವಂತೆ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಅಮಾನತು ಫಲಿಸಬೇಕಾದರೆ ತಪ್ಪು ಚಾಲಕನ ಹೆಸರಿನಲ್ಲಿ ದಾಖಲಾಗಬೇಕು. ವಾಹನದ ಹೆಸರಿನಲ್ಲಿ ದಾಖಲಾಗುವ ತಪ್ಪು ಹಣವನ್ನು ತರಬಲ್ಲದು, ಅಪಾಯಕಾರಿ ಚಾಲಕನನ್ನು ರಸ್ತೆಯಿಂದ ಹೊರಗಿಡಲಾರದು. ನೂರಿಪ್ಪತ್ತು ವರ್ಷಗಳ ಕಾನೂನು ಗುರುತಿನ ಚೀಟಿಯನ್ನು ಅರ್ಹತೆಯ ಪತ್ರವನ್ನಾಗಿ ಮಾಡಿತು, ಆದರೆ ಅರ್ಹತೆ ಕಳೆದುಕೊಂಡವನಿಂದ ಅದನ್ನು ಹಿಂಪಡೆಯುವ ಕೆಲಸವನ್ನು ದಂಡ ವಸೂಲಿಯಷ್ಟು ಚುರುಕಾಗಿ ನಡೆಸಲು ಇನ್ನೂ ಕಲಿತಿಲ್ಲ.